ಬತ್ತಿ ಬೀದಿಯ ಇನ್ನೂರ ಹನ್ನೆರಡು ಹೆಜ್ಜೆ

ಗುರುಮಲ್ಲಪ್ಪನವರು ಮೊದಲ ಸಲ ನಮ್ಮ ಆಸ್ಪತ್ರೆಯ ನಡಿಗೆ ವಿಭಾಗಕ್ಕೆ ಬಂದ ದಿನ ಹೊಸ್ತಿಲ ಹತ್ತಿರವೇ ಕಾಲು ಗಂಟೆ ನಿಂತಿದ್ದರು. ಒಳಗೆ ಬನ್ನಿ ಎಂದು ನಾಲ್ಕು ಸಲ ಕರೆದೆ. ಕರೆದಷ್ಟೂ ಪಾದಗಳು ನೆಲಕ್ಕೆ ಇನ್ನಷ್ಟು ಕಚ್ಚಿಕೊಂಡವು. ಅವರ ಹಿಂದಿನಿಂದ ಒಬ್ಬ ಹೆಂಗಸು ತಲೆ ಹಾಕಿ, "ಸುಮ್ನಿರಿ ತಾಯಿ, ನಡೆಯೋರನ್ನ ಮಾತಾಡಿಸಬಾರದು. ಕಿವಿ ಕೇಳಕ್ಕೆ ಶುರು ಮಾಡಿದ್ರೆ ಇವರ ಕಾಲು ನಿಂತೇಬಿಡುತ್ತೆ," ಅಂದರು. ಆಮೇಲೆ ಗಂಡನ ಬೆನ್ನ ಹತ್ತಿರ ಬಾಯಿ ತಂದು, ಮಗುವಿಗೆ ತುತ್ತು ಕೊಡುವ ದನಿಯಲ್ಲಿ, "ಎತ್ತಿಡಿ," ಅಂದರು. ಅಷ್ಟೇ. ಕಾಲು ಎದ್ದಿತು, ಹೊಸ್ತಿಲು ದಾಟಿತು. ಹದಿನೆಂಟು ವರ್ಷದಿಂದ ಜನರನ್ನು ನಡೆಸುವುದೇ ಕೆಲಸವಾಗಿರುವ ನನಗೆ ಆ ಹೆಂಗಸಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ. ಮಲ್ಲಾಜಮ್ಮ ಎಂದು ಅವರ ಹೆಸರು. ಗಂಡನಿಗೆ ಪಾರ್ಕಿನ್ಸನ್ ಶುರುವಾಗಿ ಆಗ ಐದು ವರ್ಷವಾಗಿತ್ತು.

ಬೇರೆ ಊರಾಗಿದ್ದರೆ ಅದು ಬರೀ ಕಾಯಿಲೆ. ನಮ್ಮೂರಿನಲ್ಲಿ ಹಾಗಲ್ಲ. ನಮ್ಮಲ್ಲಿ ಪ್ರತಿ ಬೀದಿಯನ್ನೂ ದಿನಕ್ಕೊಮ್ಮೆ, ಹೊತ್ತು ಮುಳುಗುವುದರೊಳಗೆ, ಆ ಬೀದಿಯಲ್ಲೇ ಹುಟ್ಟಿದವರು ಒಬ್ಬರಾದರೂ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಒಂದು ದಿನ ತಪ್ಪಿದರೆ ಬೀದಿ ಕೊನೆಯಿಂದ ಮೂರು ಮೊಳ ಕಡಿಮೆಯಾಗುತ್ತದೆ. ಸೊಸೆಯಾಗಿ ಬಂದವರು, ಬಾಡಿಗೆಗಿರುವವರು ಎಷ್ಟು ಸವೆಸಿದರೂ ಲೆಕ್ಕಕ್ಕಿಲ್ಲ. ಹಿಂದೆ ಇದೊಂದು ಕಷ್ಟವೇ ಆಗಿರಲಿಲ್ಲ, ಮನೆಮನೆಯಲ್ಲೂ ಹೆರಿಗೆಯಾಗುತ್ತಿತ್ತು. ಈಗ ಊರಿನ ಮಕ್ಕಳೆಲ್ಲ ಹುಟ್ಟುವುದು ಆಸ್ಪತ್ರೆಯಲ್ಲಿ. ಹಾಗಾಗಿ ನಡೆಯುವವರು ಹೆಚ್ಚಿ ಆಸ್ಪತ್ರೆ ಬೀದಿ ಎಷ್ಟು ಉದ್ದವಾಗಿದೆಯೆಂದರೆ ಅದರ ಕೊನೆಗೆ ಹೋಗಲು ಆಟೋ ಹಿಡಿಯಬೇಕು. ಹಳೆಯ ಬೀದಿಗಳಲ್ಲಿ ಮಾತ್ರ ಹುಟ್ಟಿದವರು ಒಬ್ಬೊಬ್ಬರಾಗಿ ಮುಗಿಯುತ್ತಿದ್ದಾರೆ.

ಬೀದಿ ಹೋದರೆ ಹೋಯಿತು, ಇನ್ನೊಂದು ಕಡೆ ಮನೆ ಹಿಡಿದರಾಯಿತು ಎನ್ನಬಹುದು. ಬಾಡಿಗೆಯವರಿಗೆ ಹಾಗೇ. ಹುಟ್ಟಿದವರಿಗೆ ಆಗುವುದಿಲ್ಲ. ಗಾಣದ ಬೀದಿ ಪೂರ್ತಿ ಹೋದಾಗ ಅಲ್ಲಿ ಹುಟ್ಟಿದ ಕೊನೆಯ ಮನುಷ್ಯ ನಮ್ಮ ವಾರ್ಡಿಗೆ ಬಂದು ಮಲಗಿದ್ದ. ಮಂಚದಿಂದ ಕಾಲು ಇಳಿಬಿಟ್ಟು, "ನೆಲ ಎಲ್ಲಿ, ನೆಲ ತೋರಿಸಿ," ಎಂದು ಕೇಳುತ್ತಿದ್ದ. ನಾನೇ ಅವನ ಪಾದ ಹಿಡಿದು ನೆಲಕ್ಕೆ ಒತ್ತಿದ್ದೇನೆ, ಅವನಿಗೆ ಸಿಗಲಿಲ್ಲ. ಮೂರು ವಾರಕ್ಕೆ ತೀರಿಕೊಂಡ. ಅಂಥವರು ಯಾರೂ ತಿಂಗಳು ದಾಟಿದ್ದನ್ನು ಊರು ಕಂಡಿಲ್ಲ. ಬತ್ತಿ ಬೀದಿಯಲ್ಲಿ ಹುಟ್ಟಿ ಇನ್ನೂ ಉಳಿದಿದ್ದವರು ಗುರುಮಲ್ಲಪ್ಪ ಒಬ್ಬರೇ.

ಅವರು ಬರುವಷ್ಟರಲ್ಲಿ ಬತ್ತಿ ಬೀದಿಯ ಕೊನೆಯಲ್ಲಿದ್ದ ನಲ್ಲಿ ಹೋಗಿತ್ತು, ಬೇವಿನ ಮರ ಹೋಗಿತ್ತು, ಎರಡು ಮನೆ ಹೋಗಿದ್ದವು. ಅಲ್ಲಿದ್ದವರು ಪಾತ್ರೆಪಗಡ ಹೊತ್ತು ಸಂತೆ ಬೀದಿಗೆ ಹೋಗಿದ್ದರು. ಉಳಿದದ್ದು ಆರು ಮನೆ, ಅದರಲ್ಲಿ ಜನ ಇದ್ದದ್ದು ಎರಡರಲ್ಲಿ. ಬೀದಿಯ ಮೊದಲಿಗೆ ಖಾದರ್ ಸಾಬರ ಸೈಕಲ್ ಅಂಗಡಿ, ಅದರ ಹಿಂದೆಯೇ ಅವರ ವಾಸ. ಕೊನೆಗೆ ಒಂದು ಮನೆ ಮುಂಚೆ ಗುರುಮಲ್ಲಪ್ಪನವರ ಮನೆ, ಅದರ ಜಗಲಿಯಲ್ಲಿ ಮೊರದ ತುಂಬ ಹತ್ತಿ ಇಟ್ಟುಕೊಂಡು ತೊಡೆಯ ಮೇಲೆ ದೀಪದ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದ ಮಲ್ಲಾಜಮ್ಮ. ಅವರಿಗೆ ಮಕ್ಕಳಿಲ್ಲ. ದಿನಾ ಬೆಳಿಗ್ಗೆ ಗಂಡನ ಬೆನ್ನ ಹಿಂದೆ "ಎತ್ತಿಡಿ, ಎತ್ತಿಡಿ" ಎನ್ನುತ್ತ ಬೀದಿ ದಾಟಿಸುವುದಕ್ಕೆ ಅವರಿಗೆ ಎರಡು ಗಂಟೆ ಹಿಡಿಯುತ್ತಿತ್ತು. ಇತ್ತೀಚೆಗೆ ಎರಡು ಗಂಟೆಗೂ ಆಗುತ್ತಿರಲಿಲ್ಲ.

ನಮ್ಮಲ್ಲಿರುವ ಯಂತ್ರ ದೊಡ್ಡದೇನಲ್ಲ. ಟ್ರೆಡ್‌ಮಿಲ್ಲಿನ ರಬ್ಬರ್ ಪಟ್ಟಿ ಕಾಲ ಕೆಳಗೆ ಹಿಂದಕ್ಕೆ ಓಡುತ್ತದೆ, ಬೀಳದಂತೆ ಸೊಂಟಕ್ಕೆ ಬೆಲ್ಟು ಕಟ್ಟಿ ಮೇಲಿನ ಕೊಕ್ಕೆಗೆ ಸಿಕ್ಕಿಸುತ್ತೇವೆ, ಕಣ್ಣಿಗೆ ದಪ್ಪ ಕನ್ನಡಕ ಹಾಕುತ್ತೇವೆ. ಕನ್ನಡಕದಲ್ಲಿ ಕಾಣುವುದು ರೋಗಿಯ ಸ್ವಂತ ಬೀದಿ, ಮೊದಲೇ ಕ್ಯಾಮರಾದಲ್ಲಿ ಹಿಡಿದದ್ದು. ಕಂಚುಗಾರರ ಬೀದಿಯ ಒಬ್ಬ ಅಜ್ಜಿಗೆ ಪಾರ್ಶ್ವವಾಯು ಹೊಡೆದು ಮೊದಲ ಸಲ ಹೀಗೆ ನಡೆಸಿದಾಗ, ಮಾರನೆಯ ದಿನ ಅವಳ ಬೀದಿ ಒಂದು ಗೇಣೂ ಕಡಿಮೆಯಾಗಿರಲಿಲ್ಲ. ಯಾಕೆ, ಹೇಗೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಟ್ಟಿಯ ಮೇಲೆ ನಡೆಯುವವರು ಡಾಕ್ಟರ ಚೀಟಿ ತರತಕ್ಕದ್ದು ಎಂದು ಪುರಸಭೆಯವರು ಒಂದು ನೋಟೀಸು ಅಂಟಿಸಿದರು, ಅಲ್ಲಿಗೆ ಮುಗಿಯಿತು. ಒಂದೇ ಒಂದು ವಿಷಯಕ್ಕೆ ನಾವು ಗಮನ ಕೊಡಬೇಕಾಗಿತ್ತು. ಆ ಚಿತ್ರ ತೆಗೆಯುವಾಗ ಒಬ್ಬ ಸೊಪ್ಪಿನವಳು ಅಡ್ಡ ಬಂದಿದ್ದಳು. ಆಮೇಲೆ ಅವಳು ದಿನಾ ಅದೇ ಹೊತ್ತಿಗೆ ಕಂಚುಗಾರರ ಬೀದಿಗೇ ಬರತೊಡಗಿದಳು, ಬೇರೆ ಕಡೆ ಹೋಗಲೇ ಇಲ್ಲ. ವ್ಯಾಪಾರ ಕುದುರಿದೆ ಅಂದುಕೊಂಡೆವು. ನಮ್ಮ ಬುದ್ಧಿಗೆ ಅಷ್ಟೇ ಹೊಳೆದದ್ದು.

ಬತ್ತಿ ಬೀದಿಯ ಚಿತ್ರ ತೆಗೆದವಳು ನಾನು. ನಮ್ಮ ವಿಭಾಗದ ಡಾಕ್ಟರ್ ಫಣೀಂದ್ರ ಹೇಳಿದ್ದು ಇಷ್ಟು: "ಇಂದ್ರಾಣಿ, ಇವರು ಮನುಷ್ಯರ ಮುಖ ಕಂಡ್ರೆ ನಿಂತುಬಿಡ್ತಾರೆ. ಬೀದಿ ಖಾಲಿ ಇರಲಿ. ಮೊದಲು ಕಾಲು ಕಲೀಲಿ, ಜನ ಆಮೇಲೆ ಬರಲಿ." ಬೆಳಿಗ್ಗೆ ಹನ್ನೊಂದಕ್ಕೆ ಕ್ಯಾಮರಾ ಹಿಡಿದು ಹೋದೆ. ಖಾದರ್ ಸಾಬರನ್ನು ಹತ್ತು ನಿಮಿಷ ಸಂತೆ ಬೀದಿಯ ಮೂಲೆಯಲ್ಲಿ ನಿಂತಿರಿ ಎಂದು ಕಳಿಸಿದೆ. ಮಲ್ಲಾಜಮ್ಮ ಜಗಲಿಯಲ್ಲಿ ಕೂತಿದ್ದರು.

"ನಾನೂ ಏಳ್ಬೇಕಾ?" ಎಂದು ಕೇಳಿದರು.

"ಎಲ್ಲರಿಗಿಂತ ಮೊದಲು ನೀವು ಏಳ್ಬೇಕು. ನೀವು ಕಂಡ್ರೆ ಅವರು ಮುಂದಕ್ಕೆ ಹೋಗಲ್ಲ."

"ಅದೂ ಸರಿ ಅನ್ನಿ. ನಲವತ್ತು ವರ್ಷದಿಂದ ಹೋಗಿಲ್ಲ," ಎಂದು ನಕ್ಕು, ಅರ್ಧ ಹೊಸೆದ ಬತ್ತಿಯನ್ನು ಮೊರದಲ್ಲೇ ಬಿಟ್ಟು ಎದ್ದು ಹೋದರು. ಮೊರವನ್ನು ಎತ್ತಿಡಲು ಅವರಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. ಚಿತ್ರದಲ್ಲಿ ಅದು ಉಳಿಯಿತು.

ಬೀದಿ ಒಟ್ಟು ಇನ್ನೂರ ಹನ್ನೆರಡು ಹೆಜ್ಜೆ. ಖಾಲಿ ಬೀದಿಯಲ್ಲಿ ಕಾಲು ಎಳೆದುಕೊಂಡು ಹೋದರೆ ಪ್ರಯೋಜನವಿಲ್ಲ, ಪಾದ ಮೇಲೆ ಏಳಬೇಕು. ಅದಕ್ಕೆ ಕಂಪ್ಯೂಟರಿನಲ್ಲಿ ಮೂರು ಅಡ್ಡಿ ಸೇರಿಸಿದೆ. ನಲವತ್ತನೆಯ ಹೆಜ್ಜೆಗೆ ಒಂದು ಕೆಂಪು ಬಕೆಟ್ಟು, ತೊಂಬತ್ತೈದಕ್ಕೆ ಮಲಗಿದ ಕಂದು ನಾಯಿ, ನೂರ ಅರವತ್ತಕ್ಕೆ ಒಂದು ಇಟ್ಟಿಗೆ. ನಿಜವಾದ ಬತ್ತಿ ಬೀದಿಯಲ್ಲಿ ಈ ಮೂರೂ ಇರಲಿಲ್ಲ.

ಗುರುಮಲ್ಲಪ್ಪ ದಿನಾ ಬಂದರು. ಮೊದಲ ವಾರ ಬಕೆಟ್ಟನ್ನು ಒದ್ದರು, ನಾಯಿಯ ಮೇಲೆ ಕಾಲಿಟ್ಟು ಅವರೇ ಬೆಚ್ಚಿದರು. ಎರಡನೆಯ ವಾರ ನಾಯಿ ದಾಟಿದರು. "ಇದು ಯಾರ ಮನೇದಮ್ಮ? ಒಂದಿನಾನೂ ಎದ್ದೇಳಲ್ಲ. ನಾನಾದ್ರೂ ವಾಸಿ," ಎಂದು ಕನ್ನಡಕದೊಳಗಿಂದಲೇ ತಮಾಷೆ ಮಾಡಿದರು. ನಡೆಯುತ್ತಲೇ ಮಾತಾಡಿದರು, ಕಾಲು ನಿಲ್ಲಲಿಲ್ಲ. ನಾನೂ ಡಾಕ್ಟರೂ ಮುಖ ಮುಖ ನೋಡಿಕೊಂಡೆವು. ಯಂತ್ರದ ಪಕ್ಕದಲ್ಲಿ ನಿಂತು ಮಲ್ಲಾಜಮ್ಮ ಎತ್ತಿಡಿ ಎನ್ನುವುದನ್ನು ಮೂರನೆಯ ವಾರದಿಂದ ನಾನೇ ನಿಲ್ಲಿಸಿದೆ. "ಕಾಲು ತಾನಾಗಿ ಕಲೀಬೇಕಲ್ವಾ ಅಮ್ಮ, ನೀವು ಎಷ್ಟು ದಿನ ಹೇಳ್ತೀರಿ," ಅಂದೆ. ಅವರು ಬೆಂಚಿನ ಮೇಲೆ ಹೋಗಿ ಕೂತರು. ಬಾಯಿ ಮಾತ್ರ ಶಬ್ದವಿಲ್ಲದೆ ಆಡುತ್ತಿತ್ತು. ಬೀದಿ ಕರಗುವುದು ನಿಂತಿತು.

ಐದನೆಯ ವಾರದಲ್ಲಿ ಖಾದರ್ ಸಾಬರು ನನ್ನನ್ನು ಹುಡುಕಿಕೊಂಡು ಬಂದರು. "ನೋಡೀಮ್ಮ, ನಾನು ಅಂಗಡಿ ಸಂತೆ ಬೀದಿಗೆ ಎತ್ತಿದೀನಿ," ಅಂದರು. ಯಾಕೆಂದು ಕೇಳಿದೆ. "ಅಲ್ಲಿ ಯಾರಿಗೂ ನಾನು ಕಾಣ್ತಾ ಇರ್ಲಿಲ್ಲ. ಟೀ ಹುಡುಗ ಮುಂದೇನೇ ಹೋಗ್ತಾನೆ, ಕರೆದ್ರೆ ಗೋಡೆ ನೋಡ್ತಾನೆ. ಪಂಪು ಒತ್ತಿದ್ರೆ ಸದ್ದಿಲ್ಲ. ಇಲ್ಲಿಗೆ ಬಂದು ಎರಡು ದಿನಕ್ಕೆ ಸರಿಹೋದೆ. ಅವತ್ತು ನೀವು ನಮ್ಮನ್ನೆಲ್ಲ ಆಚೆ ಕಳಿಸಿ ಫೋಟೋ ಹಿಡಿದ್ರಲ್ಲ, ಅವರು ನಡೀತಿರೋದು ಆ ಬೀದಿ. ಅದರಲ್ಲಿ ನಾವಿಲ್ಲ." ಹೊರಟವರು ತಿರುಗಿ, "ಆ ಯಮ್ಮನ್ನ ನೋಡ್ಕೊಂಡು ಬನ್ನಿ," ಅಂದರು.

ಅವತ್ತೇ ಸಂಜೆ ಐದಕ್ಕೆ ಹೋದೆ. ಬತ್ತಿ ಬೀದಿಯಲ್ಲಿ ಹನ್ನೊಂದು ಗಂಟೆಯ ಬಿಸಿಲಿತ್ತು. ತಂತಿಯ ಮೇಲೆ ಚಿತ್ರ ತೆಗೆದ ದಿನ ಇದ್ದ ಅದೇ ಒದ್ದೆ ಟವೆಲ್ಲು, ಇನ್ನೂ ಒದ್ದೆಯಾಗಿಯೇ ಇತ್ತು. ಜಗಲಿ ಖಾಲಿ, ಮೊರ ಇತ್ತು. ಎರಡು ಸಲ ಮಲ್ಲಾಜಮ್ಮ ಎಂದು ಕೂಗಿ ತಿರುಗಿ ಹೊರಟೆ. ಯಾರೋ ಸೆರಗು ಜಗ್ಗಿದರು. ನೋಡಿದರೆ ಅವರು ಅಲ್ಲೇ ಕೂತಿದ್ದಾರೆ, ಮೊರದ ಪಕ್ಕದಲ್ಲೇ. ಕಣ್ಣು ಅವರ ಮೇಲೆಯೇ ನೆಟ್ಟಿದ್ದರೆ ಕಾಣುತ್ತಿದ್ದರು, ಸ್ವಲ್ಪ ಆಚೀಚೆ ಹೊರಳಿಸಿದರೆ ಇರುತ್ತಿರಲಿಲ್ಲ.

"ಗೊತ್ತಾಯ್ತಾ," ಅಂದರು. ದನಿ ಪಕ್ಕದ ಮನೆಯಿಂದ ಬಂದಷ್ಟು ಸಣ್ಣಗಿತ್ತು.

"ಖಾದರ್ ಸಾಬರ ಹಾಗೆ ನೀವೂ ಹೊರಟುಬಿಡಿ ಅಮ್ಮ. ನಮ್ಮ ಮನೇಲೇ ಇರಿ. ಇವತ್ತೇ ಬನ್ನಿ."

"ನಾನು ಬಂದ್ರೆ ಅವರು ಬರ್ತಾರೆ. ಅವರು ಬಂದ್ರೆ ಇಲ್ಲಿ ನಡೆಯೋರ್ಯಾರು? ಗಾಣದ ಬೀದಿಯೋನು ನೆಲ ಕೇಳ್ತಾ ಸತ್ತಿದ್ದು ಊರಿಗೆಲ್ಲ ಗೊತ್ತು."

"ಅವರಿಗೆ ಹೇಳೋಣ. ಅವರೇ ಏನಾದ್ರೂ..."

"ಹೇಳಿದ್ರೆ ನಾಳೆಯಿಂದ ನಡೆಯಲ್ಲ. ಅಷ್ಟು ಮೊಂಡು ಮನುಷ್ಯ. ನನ್ನಾಣೆ, ಹೇಳ್ಬೇಡಿ." ಕೈ ನೀಡಿ ನನ್ನ ಕೈ ಹಿಡಿದರು. ಆ ಹಿಡಿತ ಮಾತ್ರ ಗಟ್ಟಿಯಾಗಿಯೇ ಇತ್ತು, ಬತ್ತಿ ಹೊಸೆದು ಹೊಸೆದು ಕಾಯಿಕಟ್ಟಿದ ಅಂಗೈ. "ಮನೇಲಿ ಕತ್ತಲಾದ ಮೇಲೆ ನಾನು ಚೆನ್ನಾಗೇ ಕಾಣ್ತೀನಂತೆ ಅವರಿಗೆ. ಹಗಲಲ್ಲಿ ಕಾಣಲ್ಲ, ಕಣ್ಣಿಗೆ ಪೊರೆ ಬಂದಿರ್ಬೇಕು, ಡಾಕ್ಟರಿಗೆ ತೋರಿಸ್ಬೇಕು ಅಂತಿದ್ರು. ಆಗಲಿ ತೋರಿಸಿ ಅಂದೆ."

ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಮಾರನೆಯ ದಿನವೇ ಕ್ಯಾಮರಾ ತೆಗೆದುಕೊಂಡು ಹೋಗಿ ಮಲ್ಲಾಜಮ್ಮನನ್ನು ಜಗಲಿಯಲ್ಲಿ ಕೂರಿಸಿ, ಎದುರಿಗೇ ನಿಂತು ಹೊಸ ಚಿತ್ರ ತೆಗೆದೆ. ಆಸ್ಪತ್ರೆಗೆ ತಂದು ಹಾಕಿ ನೋಡಿದರೆ ಖಾಲಿ ಜಗಲಿ. ಮೊರದಲ್ಲಿ ಹತ್ತಿ ಮಾತ್ರ ಅಲುಗುತ್ತಿತ್ತು. ಡಾಕ್ಟರ್ ಫಣೀಂದ್ರ ಎರಡು ಸಲ ನೋಡಿ ಕನ್ನಡಕ ತೆಗೆದಿಟ್ಟರು. "ಗುರುಮಲ್ಲಪ್ಪ ನೆಲದ ಮೇಲೆ ನಡೀಬೇಕು. ನಿಜವಾದ ಬೀದೀಲಿ, ಜನ ಇರೋ ಹಾಗೆ. ಆಗ ಬೀದಿ ಇದ್ದ ಹಾಗೇ ಉಳಿಯುತ್ತೆ. ಈಗ ಅವರ ಕಾಲಿಗೆ ಅಷ್ಟು ಶಕ್ತಿ ಇದೆ," ಅಂದರು. ನನಗೆ ಜೀವ ಬಂದಂತಾಯಿತು. ಇಷ್ಟು ಸುಲಭದ ದಾರಿ ಇರುವಾಗ ಸುಮ್ಮನೆ ಹೆದರಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಗುರುವಾರ ಬೆಳಿಗ್ಗೆ ಹೋದೆವು. ಇವತ್ತು ನಿಮಗೆ ಪರೀಕ್ಷೆ, ಪಟ್ಟಿ ಇಲ್ಲ, ಬೆಲ್ಟು ಇಲ್ಲ, ನಿಮ್ಮ ಬೀದೀಲೇ ನಡೀಬೇಕು ಎಂದಷ್ಟೇ ಗುರುಮಲ್ಲಪ್ಪನವರಿಗೆ ಹೇಳಿದ್ದೆ. ಶಾಲೆಯ ಮಗುವಿನ ಹಾಗೆ ತಲೆ ಬಾಚಿಕೊಂಡು ಬಂದಿದ್ದರು. ಬೀದಿಯ ಮೊದಲಿಗೆ ಚಪ್ಪಲಿ ಬಿಟ್ಟು ನಿಂತರು. ಹಳೆಯ ದಿನಗಳಂತೆ ಮಲ್ಲಾಜಮ್ಮ ಅವರ ಬೆನ್ನ ಹಿಂದೆ ನಿಂತರು. ನಾನು ನಾಲ್ಕು ಹೆಜ್ಜೆ ಹಿಂದೆ, ಕಣ್ಣನ್ನು ಮಲ್ಲಾಜಮ್ಮನ ಮೇಲಿಂದ ತೆಗೆಯದೆ. ಎತ್ತಿಡಿ ಅಂದರು. ನನಗೂ ಅದು ಕೇಳಿದ್ದು ಅರ್ಧ.

ಗುರುಮಲ್ಲಪ್ಪ ಹೊರಟರು. ಅಷ್ಟು ಚೆನ್ನಾಗಿ ನಡೆದವರನ್ನು ನಮ್ಮ ವಿಭಾಗದಲ್ಲಿ ನಾನು ನೋಡಿಲ್ಲ. ತಲೆ ನೇರ, ಕೈ ಬೀಸು, ಹಿಮ್ಮಡಿ ಮೊದಲು ಬೆರಳು ಆಮೇಲೆ. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ನಲವತ್ತನೆಯ ಹೆಜ್ಜೆಗೆ ಬಂದಾಗ, ಮುಂದೆ ಏನೂ ಇಲ್ಲದ ನೆಲದಲ್ಲಿ, ಅವರು ಬಲಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಏನನ್ನೋ ದಾಟಿ ಇಟ್ಟರು. ಎಡಗಾಲನ್ನೂ ಹಾಗೆಯೇ. ಅವರು ದಾಟಿದ ಮೇಲೆ ಅಲ್ಲಿ ಕೆಂಪು ಬಕೆಟ್ಟು ಇತ್ತು.

ಆಗ ನನಗೆ ಅರ್ಥವಾಯಿತು. ಅವರ ಕಾಲು ಕಲಿತದ್ದು ಈ ಬೀದಿಯನ್ನಲ್ಲ, ನಾನು ಮಾಡಿಕೊಟ್ಟ ಬೀದಿಯನ್ನು. ಪಟ್ಟಿಯಿಂದ ಇಳಿಸಿ ನೆಲದ ಮೇಲೆ ಬಿಟ್ಟರೂ ಅವರು ನಡೆಯುತ್ತಿದ್ದದ್ದು ಅದರಲ್ಲೇ. ಪಟ್ಟಿಯ ಮೇಲೆ ನಡೆದಾಗ ಬೀದಿ ಸ್ವಲ್ಪ ಸ್ವಲ್ಪವಾಗಿ ಆ ಚಿತ್ರವೇ ಆಗುತ್ತಿದ್ದದ್ದು, ಇಲ್ಲಿ ಹೆಜ್ಜೆಹೆಜ್ಜೆಗೂ ಆಗುತ್ತಿತ್ತು. ಕೂಗಿದ್ದರೆ ಆಗುತ್ತಿತ್ತು. ಗುರುಮಲ್ಲಪ್ಪನವರೇ ಎಂದು ಒಂದು ಸಲ ಜೋರಾಗಿ ಕೂಗಿದ್ದರೆ ಅವರು ನಿಂತುಬಿಡುತ್ತಿದ್ದರೋ ಏನೋ, ಬಿದ್ದಿದ್ದರೂ ಎಲ್ಲೋ ಒಂದು ಮೂಳೆ ಮುರಿಯುತ್ತಿತ್ತು, ಕಟ್ಟಿಸಬಹುದಿತ್ತು. ನಡೆಯುವವರನ್ನು ಮಾತಾಡಿಸಬಾರದು. ಮಲ್ಲಾಜಮ್ಮ ಮೊದಲ ದಿನ ಹೇಳಿದ್ದು ಇದೇ ಮಾತು, ಅಂದಿನಿಂದ ವಿಭಾಗದಲ್ಲಿ ನಾನು ಎಲ್ಲರ ಬಾಯಿ ಮುಚ್ಚಿಸಿದ್ದೂ ಇದೇ ಮಾತು ಹೇಳಿ. ನನಗೆ ಬಾಯಿ ಬರಲಿಲ್ಲ. ಒಂದು ಕೈಯನ್ನು ಮುಂದಕ್ಕೆ ಚಾಚಿ, ಬಿದ್ದರೆ ಹಿಡಿಯಲು ಸಿದ್ಧಳಾಗಿ, ಕಲಿತ ಹಾಗೆಯೇ ಹಿಂದೆ ಹಿಂದೆ ಹೋದೆ.

ತೊಂಬತ್ತೈದಕ್ಕೆ ಮತ್ತೆ ಕಾಲು ಎದ್ದಿತು. ಮಲ್ಲಾಜಮ್ಮ ಎತ್ತಿಡಿ ಎನ್ನುವ ಮೊದಲೇ ಎದ್ದಿತು. ಅವರು ನನ್ನ ಕಡೆ ತಿರುಗಿ ನೋಡಿದರು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಗಂಡ ಇನ್ನು ತನ್ನ ಸಹಾಯವಿಲ್ಲದೆ ನಡೆಯಬಲ್ಲ ಎಂದು ಗೊತ್ತಾದ ಹೆಂಗಸಿನ ಮುಖ ಹೇಗಿರುತ್ತದೋ ಹಾಗಿತ್ತು, ಅರ್ಧ ಸಂತೋಷ, ಅರ್ಧ ಏನು ಮಾಡಲಿ ಎಂಬಂತೆ. ಕೆಳಗೆ ಕಂದು ನಾಯಿ ಮಲಗಿತ್ತು. ಅದನ್ನು ತುಳಿಯಬಾರದೆಂದು ನಾನು ಒಂದೇ ಒಂದು ಕ್ಷಣ ಕಣ್ಣು ತಗ್ಗಿಸಿದೆ. ತಲೆ ಎತ್ತಿದಾಗ ಗುರುಮಲ್ಲಪ್ಪನವರ ಬೆನ್ನು ಮತ್ತು ನನ್ನ ನಡುವೆ ಬರೀ ಬಿಸಿಲಿತ್ತು.

ನೂರ ಅರವತ್ತಕ್ಕೆ ಇಟ್ಟಿಗೆ ದಾಟಿದರು. ತಮ್ಮ ಮನೆಯ ಮುಂದೆ ಮುಖ ತಿರುಗಿಸದೆ ಹೋದರು, ಕನ್ನಡಕದಲ್ಲಿ ದಿನಾ ಹೋಗುತ್ತಿದ್ದಂತೆ. ಇನ್ನೂರ ಹನ್ನೆರಡನೆಯ ಹೆಜ್ಜೆಗೆ ನಿಂತು, ಕೈ ಹಿಡಿಯದೆ, ಐದು ವರ್ಷದಲ್ಲಿ ಮೊದಲ ಸಲ ತಾವೇ ಪೂರ್ತಿ ಹಿಂದಕ್ಕೆ ತಿರುಗಿದರು. ಮುಖ ಬೆವರಿ ಹೊಳೆಯುತ್ತಿತ್ತು.

"ನೋಡ್ದೇನೆ ಮಲ್ಲಿ," ಅಂದರು. "ಒಂದು ಸಲಾನೂ ನಿಲ್ಲಲಿಲ್ಲ."

ಅವರಿಗೆ ಎಲ್ಲವನ್ನೂ ಹೇಳಿದೆ. ಆಣೆಯನ್ನು ಇನ್ನು ಯಾರಿಗಾಗಿ ಉಳಿಸಿಕೊಳ್ಳಲಿ. ಜಗಲಿಯಲ್ಲಿ ಮೊರದ ಪಕ್ಕ ಕೂತು ಕೇಳಿದರು, ಬಲಗೈ ಒಂದೇ ಸಮನೆ ನಡುಗುತ್ತಿತ್ತು. ನನ್ನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. "ನಾಳೆ ನಾನು ನಡೀಲಿಲ್ಲ ಅಂದ್ರೆ?" ಎಂದು ಕೇಳಿದರು. ದಿನಕ್ಕೆ ಮೂರು ಮೊಳ ಅಂದೆ. ಹಾಗಾದರೆ ಈ ಜಗಲಿಗೆ ಎಷ್ಟು ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮೊರದಲ್ಲಿದ್ದ ಅರ್ಧ ಹೊಸೆದ ಬತ್ತಿಯನ್ನು ಮುಟ್ಟಲು ಬೆರಳು ಚಾಚಿ, ನಡುಕಕ್ಕೆ ಬಿಚ್ಚಿಹೋದೀತೆಂದು ಹಿಂದಕ್ಕೆ ತೆಗೆದುಕೊಂಡರು.

ಇದಾಗಿ ಏಳು ತಿಂಗಳು. ಬತ್ತಿ ಬೀದಿ ಒಂದು ಗೇಣೂ ಕಡಿಮೆಯಾಗಿಲ್ಲ. ನಮ್ಮ ವಿಭಾಗದಲ್ಲಿ ಇಷ್ಟು ಚೇತರಿಸಿಕೊಂಡ ರೋಗಿ ಇನ್ನೊಬ್ಬರಿಲ್ಲ, ಬೇರೆ ಊರಿನ ಡಾಕ್ಟರುಗಳು ಬಂದಾಗ ಫಣೀಂದ್ರ ಅವರು ಗುರುಮಲ್ಲಪ್ಪನವರ ಕಡತ ತೆಗೆದು ತೋರಿಸುತ್ತಾರೆ. ಈಗ ನಾವು ಜನರನ್ನು ಬಿಟ್ಟು ಯಾವ ಬೀದಿಯ ಚಿತ್ರವನ್ನೂ ತೆಗೆಯುವುದಿಲ್ಲ. ಅದಕ್ಕೂ ಪುರಸಭೆಯ ನೋಟೀಸು ಬಂದಿದೆ. ಗುರುಮಲ್ಲಪ್ಪ ದಿನಾ ಹನ್ನೊಂದಕ್ಕೆ ಬರಿಗಾಲಲ್ಲಿ ಹೊರಡುತ್ತಾರೆ. ಬಕೆಟ್ಟು ದಾಟುತ್ತಾರೆ, ನಾಯಿ ದಾಟುತ್ತಾರೆ, ಇಟ್ಟಿಗೆ ದಾಟುತ್ತಾರೆ. ಬೀಳದಂತೆ ನೋಡಿಕೊಳ್ಳಲು ಹಿಂದೆ ನಾನು ಹೋಗುತ್ತೇನೆ. ನನ್ನನ್ನು ಯಾರೂ ಹೋಗೆಂದು ಕಳಿಸಿಲ್ಲ.

ಅವರ ಮನೆಯ ಮುಂದೆ ಮಾತ್ರ ಕಾಲು ನಿಲ್ಲುತ್ತದೆ. ಚಿತ್ರದಲ್ಲಿ ಅಲ್ಲಿ ನಿಲ್ಲುವುದು ಇಲ್ಲ, ನಾವು ಕಲಿಸಿಯೂ ಇಲ್ಲ. ಪಾದ ನೆಲ ಕಚ್ಚಿ, ಮೈ ಮುಂದಕ್ಕೆ ಬಾಗಿ, ಮುಖ ಜಗಲಿಯ ಕಡೆಗೆ ತಿರುಗಿ ಅಲ್ಲೇ ಉಳಿಯುತ್ತಾರೆ. ಮೊದಲ ದಿನ ನಾನು ಹತ್ತಿರ ಹೋಗಿ ಎತ್ತಿಡಿ ಎನ್ನಲು ಬಾಯಿ ತೆರೆದೆ, ನನ್ನ ಕೆಲಸ ಅದು. "ಇಂದ್ರಾಣಮ್ಮ, ಆ ಮಾತು ನೀವು ಹೇಳ್ಬೇಡಿ," ಅಂದರು, ತಿರುಗದೆ. ಅಂದಿನಿಂದ ನಾನು ಹೇಳಿಲ್ಲ. ಒಮ್ಮೊಮ್ಮೆ ಕಾಲು ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ಕಾಲು ತಾನಾಗಿ ಏಳುವವರೆಗೆ ಇಬ್ಬರೂ ನಿಂತಿರುತ್ತೇವೆ.